ಆ ಫೋಟೋದಲ್ಲಿದ್ದ ಹೆಡ್ ನಮ್ಮ ಸ್ಯಾಂಟ್ರೋದಲ್ಲ

ನಮ್ಮ ಕಾರ್ ರಿಪೇರಿಗೆ ಕೊಟ್ಟಿದ್ದ ಗ್ಯಾರೇಜ್ ಹೆಸ್ರು ಹಾಕಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗತ್ತೆ. ಮೈಸೂರಲ್ಲಿ ರಿಂಗ್ ರೋಡ್ ಪಕ್ಕ ಇರೋದು ಅಷ್ಟು ಸಾಕು. ನಡೆದಿದ್ದು ನಡೆದ ಹಾಗೇ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ.

ನಮ್ಮದು 2008ರ ಸ್ಯಾಂಟ್ರೋ ಝಿಂಗ್. ಅಪ್ಪ ತಗೊಂಡಿದ್ದು, ಹುಣಸೂರಲ್ಲಿ ಅವ್ರೇ ಓಡಿಸ್ತಾ ಇದ್ರು, ಮಂಡಿ ನೋವು ಜಾಸ್ತಿ ಆದ್ಮೇಲೆ ಕ್ಲಚ್ ಒತ್ತಕ್ಕಾಗಲ್ಲ ಅಂತ ನನಗೆ ಕೊಟ್ರು. ಕೊಡುವಾಗ ಕೀ ಜೊತೆ ಒಂದು ಡೈರಿನೂ ಕೊಟ್ರು. ಪೆಟ್ರೋಲ್ ಹಾಕ್ಸಿದ ದಿನ, ಎಷ್ಟು ಲೀಟರ್, ಮೀಟರ್ ಎಷ್ಟಿತ್ತು, ಆಯಿಲ್ ಯಾವಾಗ ಬದಲಾಯ್ಸಿದ್ದು, ಬೆಲ್ಟ್ ಯಾವಾಗ, ಎಲ್ಲಾ ಅದ್ರಲ್ಲಿದೆ. ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋಳು, ಲೆಕ್ಕ ಅಂದ್ರೆ ನನಗೂ ಇಷ್ಟ, ಹಂಗಾಗಿ ಡೈರಿ ಬರೆಯೋದು ನಾನೂ ಮುಂದುವರಿಸಿದೀನಿ. ಕೊನೆಗೆ ಅದೇ ಕೈ ಹಿಡೀತು.

2023ರ ಸೆಪ್ಟೆಂಬರ್, ಗಣೇಶನ ಹಬ್ಬ ಮುಗಿದ ವಾರ ಮಡಿಕೇರಿಗೆ ಹೊರಟ್ವಿ, ನಾನು, ನಮ್ಮನೆಯವ್ರು, ಮಗಳು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ತನಕ ಏನೂ ತೊಂದ್ರೆ ಇಲ್ಲ, ಟೆಂಪರೇಚರ್ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಕೆಳಗೇ ನಿಂತಿತ್ತು. ಸುಂಟಿಕೊಪ್ಪ ದಾಟಿ ಹತ್ತುವಾಗ ಮುಂದೆ ಒಂದು ಲೋಡ್ ಲಾರಿ, ಓವರ್‌ಟೇಕ್ ಮಾಡೋ ಹಾಗಿಲ್ಲ, ಫಸ್ಟ್ ಗೇರು ಸೆಕೆಂಡ್ ಗೇರಲ್ಲೇ ಹೋಗ್ತಾ ಇದ್ದೀವಿ, ನೋಡ್ತೀನಿ ಮುಳ್ಳು ಮೇಲಕ್ಕೆ ಹೋಗಿ ಎಚ್ (ಹಾಟ್) ಹತ್ರ ಬಂದ್ಬಿಟ್ಟಿದೆ. ಸೈಡಿಗೆ ಹಾಕಿ ಬಾನೆಟ್ ಎತ್ತಿದ್ರೆ ಹಬೆ. ನಮ್ಮನೆಯವ್ರು ರೇಡಿಯೇಟರ್ ಮುಚ್ಚಳ ತಿರುಗ್ಸಕ್ಕೆ ಹೋದ್ರು, ಹಿಂದೆ ಬಂದ ಒಬ್ರು ಜೀಪಿನವ್ರು ಓಡಿ ಬಂದು ಕೈ ಹಿಡಿದು ನಿಲ್ಸಿದ್ರು, ಬಿಸಿ ಇದ್ದಾಗ ತೆಗೆದ್ರೆ ಮುಖಕ್ಕೇ ಹೊಡಿಯತ್ತೆ ಅಂತ. ಅವ್ರು ಯಾರೋ ಏನೋ, ಅವತ್ತು ಅವ್ರಿಲ್ದಿದ್ರೆ ನಾನಿವತ್ತು ಬರೆಯೋ ಕಥೆನೇ ಬೇರೆ ಇರ್ತಿತ್ತು. ಒಂದು ಗಂಟೆ ಕಾದು, ನೀರು ಹಾಕಿ, ಮಡಿಕೇರಿ ಆಸೆ ಬಿಟ್ಟು ವಾಪಸ್ ತಿರುಗ್ಸಿದ್ವಿ.

ಇಲ್ಲೊಂದು ವಿಷ್ಯ ಗಮನಿಸಿ. ವಾಪಸ್ ಬರುವಾಗ ಮೈಸೂರಿನ ತನಕ ಮುಳ್ಳು ಅಲ್ಲಾಡ್ಲಿಲ್ಲ. ಅರವತ್ತರಲ್ಲಿ ಆರಾಮಾಗಿ ಬಂತು. ಹೂಟಗಳ್ಳಿ ಹತ್ರ ಟ್ರಾಫಿಕ್‌ನಲ್ಲಿ ನಿಂತಾಗ ಮತ್ತೆ ಏರಕ್ಕೆ ಶುರು ಆಯ್ತು, ಗಾಡಿ ಮೂವ್ ಆದ ತಕ್ಷಣ ಇಳೀತು. ಗ್ಯಾರೇಜಿಗೆ ಹೋದಾಗ ಮೊದಲು ಹೇಳಿದ್ದೇ ಇದನ್ನ. ಓಡ್ತಾ ಇದ್ದಾಗ ಸರಿ ಇರತ್ತೆ, ನಿಂತಾಗ ಏರತ್ತೆ ಅಂತ. ಓನರು ನನ್ನ ಕಡೆ ನೋಡ್ಲೇ ಇಲ್ಲ, ಪಕ್ಕದಲ್ಲಿ ನಿಂತಿದ್ದ ನಮ್ಮನೆಯವ್ರಿಗೆ "ನೋಡ್ತೀವಿ ಸರ್, ಥರ್ಮೋಸ್ಟಾಟ್ ಇರ್ಬಹುದು, ಎರಡೂವರೆ ಸಾವಿರದಲ್ಲಿ ಆಗತ್ತೆ, ನಾಡಿದ್ದು ಬನ್ನಿ" ಅಂದ. (ಥರ್ಮೋಸ್ಟಾಟ್ ಅಂದ್ರೆ ಇಂಜಿನ್ ಬಿಸಿಯಾಗೋ ತನಕ ನೀರನ್ನ ರೇಡಿಯೇಟರ್‌ಗೆ ಬಿಡದೆ ತಡೆಯೋ ವಾಲ್ವು.) ನಮ್ಮನೆಯವ್ರಿಗೆ ಗಾಡಿ ಓಡ್ಸಕ್ಕೇ ಬರಲ್ಲ, ಓಡ್ಸೋಳು ನಾನು. ಆ ಮಾತು ಅಲ್ಲೇ ಹೇಳ್ಬೇಕಿತ್ತು.

ಮೂರನೇ ದಿನ ಫೋನ್ ಬಂತು. ನಾನು ಎತ್ತಿದ್ದಕ್ಕೆ "ಸರ್ ಇದ್ರೆ ಕೊಡಿ ಮೇಡಂ, ಸ್ವಲ್ಪ ಟೆಕ್ನಿಕಲ್ ವಿಷ್ಯ" ಅಂದ. ನನಗೇ ಹೇಳಿ ಅಂದ್ಮೇಲೆ ಹೇಳ್ದ: ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲಿನ ಭಾಗ ಹೆಡ್ಡು, ಕೆಳಗಿನದು ಬ್ಲಾಕು, ಎರಡ್ರ ಮಧ್ಯೆ ಕೂರೋ ಸೀಲು) ಹೋಗಿದೆ, ಹೆಡ್ಡೂ ಬೆಂಡ್ ಆಗಿದೆ, ಲೇತ್‌ಗೆ ಕಳಿಸಿ ಫೇಸಿಂಗ್ (ಉಜ್ಜಿ ಮಟ್ಟ ಮಾಡೋದು) ಮಾಡಿಸ್ಬೇಕು, ಇಪ್ಪತ್ನಾಲ್ಕು ಸಾವಿರ ಆಗತ್ತೆ. ನಾನು ಕೇಳಿದೆ, ಬಿಚ್ಚೋ ಮುಂಚೆ ಯಾಕೆ ಕೇಳ್ಲಿಲ್ಲ? "ಬಿಚ್ಚದೆ ಹೆಂಗೆ ಗೊತ್ತಾಗತ್ತೆ ಮೇಡಂ, ಬಿಚ್ಚಿ ಆಗಿದೆ, ಫೋಟೋ ಹಾಕ್ತೀನಿ ನೋಡಿ." ವಾಟ್ಸಾಪ್‌ಗೆ ಒಂದು ಫೋಟೋ ಬಂತು. ಎಣ್ಣೆ ಹಿಡಿದ ಸಿಮೆಂಟ್ ನೆಲದ ಮೇಲೆ ಅಂಗಾತ ಮಲಗ್ಸಿರೋ ಇಂಜಿನ್ ಹೆಡ್ಡು, ಕಪ್ಪು ಕಿಟ್ಟ ಹಿಡಿದಿರೋ ವಾಲ್ವುಗಳು ಕಾಣ್ತಾ ಇವೆ. ಅದನ್ನ ನೋಡಿದ್ರೆ ಹೊಟ್ಟೆಯಲ್ಲಿ ಸಂಕಟ ಆಗತ್ತೆ, ಅಪ್ಪ ಅಷ್ಟು ವರ್ಷ ಒಂದು ಸರ್ವೀಸೂ ತಪ್ಪಿಸದೆ ನೋಡ್ಕೊಂಡ ಗಾಡಿ.

ಬೇಡ ಬಿಡಿ, ಬೇರೆ ಕಡೆ ತೋರಿಸ್ತೀವಿ ಅಂದೆ. ಆಗ ಅವನು ಹೇಳಿದ ಮಾತು ಇವತ್ತಿಗೂ ಮರೆತಿಲ್ಲ: "ಬಿಚ್ಚಿರೋ ಇಂಜಿನ್ ಹೆಂಗೆ ತಗೊಂಡ್ ಹೋಗ್ತೀರಾ? ಬಿಚ್ಚಿದ ಲೇಬರ್ ಆರು ಸಾವಿರ ಕಟ್ಟಿ, ಟೋಯಿಂಗ್ ಗಾಡಿ ತನ್ನಿ, ತಗೊಂಡ್ ಹೋಗಿ, ಪಾರ್ಟ್ಸ್ ಎಲ್ಲಾ ಮೂಟೆ ಕಟ್ಟಿ ಕೊಡ್ತೀನಿ. ಅದನ್ನ ಇನ್ನೊಬ್ಬ ಜೋಡಿಸ್ತಾನಾ ಕೇಳಿ ನೋಡಿ." ಬಿಚ್ಚಿ ಹಾಕಿದ ಮೇಲೆ ಗಾಡಿ ನಮ್ಮದಲ್ಲ, ಅವರದ್ದು. ಎಷ್ಟು ಜನ ಇದೇ ಜಾಗದಲ್ಲಿ ಸಿಕ್ಕಾಕೊಂಡಿದಾರೋ, ನನ್ನ ಜೊತೆ ಕೆಲ್ಸ ಮಾಡೋರಲ್ಲೇ ಮೂರು ಜನ ಆಮೇಲೆ ಇದೇ ಥರದ ಕಥೆ ಹೇಳಿದ್ರು. ಒಬ್ರಿಗೆ ಗೇರ್‌ಬಾಕ್ಸು, ಇನ್ನೊಬ್ರಿಗೆ ಎಸಿ. ಎಲ್ಲಾ ಕಡೆನೂ ಅದೇ ಮಾತು, ಬಿಚ್ಚಿ ಆಗಿದೆ.

ಮಾರನೇ ದಿನ ಶಾಲೆ ಮುಗಿಸ್ಕೊಂಡು ನೇರ ಗ್ಯಾರೇಜಿಗೆ ಹೋದೆ. ಗಾಡಿ ಹಿಂದುಗಡೆ ಶೆಡ್ಡಲ್ಲಿ ಗೋಡೆಗೆ ಒತ್ಕೊಂಡು ನಿಂತಿತ್ತು, ಬಾನೆಟ್ ಮುಚ್ಚಿತ್ತು. ತೆಗೆದು ತೋರಿಸಿ ಅಂದೆ. ಹುಡುಗ ಹೇಳ್ದ, "ಹೆಡ್ ಲೇತ್‌ಗೆ ಹೋಗಿದೆ ಅಕ್ಕಾ, ಒಳಗೆ ಬಟ್ಟೆ ತುಂಬಿ ಮುಚ್ಚಿದೀವಿ, ತೆಗೆದ್ರೆ ಬೋರ್ ಒಳಗೆ ಧೂಳು ಬೀಳತ್ತೆ." ಸರಿ ಅನ್ನಿಸ್ತು. ಧೂಳು ಬೀಳ್ಬಾರ್ದು ಅನ್ನೋದು ನಿಜನೇ ಅಲ್ವಾ. ಬಂದ್ಬಿಟ್ಟೆ. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ನೋವು ಕೊಡೋದು ಆ ಐದು ನಿಮಿಷ. ಒಂದು ಲಾಕು ಎಳೆದಿದ್ರೆ ಎಲ್ಲಾ ಅಲ್ಲೇ ಗೊತ್ತಾಗ್ತಿತ್ತು.

ಹತ್ತು ಸಾವಿರ ಅಡ್ವಾನ್ಸ್ ಫೋನ್‌ನಲ್ಲೇ ಕಳಿಸ್ದೆ. ಒಂಬತ್ತನೇ ದಿನ ಮತ್ತೆ ಫೋನು, ವಾಟರ್ ಪಂಪ್ ಬೇರಿಂಗ್ ಹೋಗಿದೆ, ಟೈಮಿಂಗ್ ಬೆಲ್ಟೂ ಹಾಕ್ಬಿಡಣ, ಇಂಜಿನ್ ಬಿಚ್ಚಿರೋವಾಗ್ಲೇ ಹಾಕಿದ್ರೆ ಲೇಬರ್ ಉಳಿಯತ್ತೆ. ಬೆಲ್ಟ್ 2020ರಲ್ಲಿ ಹಾಕ್ಸಿದೀವಿ ಅಂದೆ, ಡೈರಿ ನೋಡೇ ಹೇಳ್ದೆ, 58,000 ಕಿಲೋಮೀಟರಲ್ಲಿ. ಅದಕ್ಕೆ "ಹಳೇ ಬೆಲ್ಟ್ ವಾಪಸ್ ಹಾಕಿ ನಾಳೆ ಹರಿದ್ರೆ ನಾನ್ ಜವಾಬ್ದಾರಿ ಅಲ್ಲ" ಅಂದ. ಸರಿ ಹಾಕಿ ಅಂದೆ.

ಹದಿಮೂರನೇ ದಿನ ಗಾಡಿ ಕೊಟ್ರು. ಬಿಲ್ಲು ಅಂದ್ರೆ ರೂಲ್ಡ್ ಹಾಳೆಯಲ್ಲಿ ಬಾಲ್ ಪೆನ್ನಲ್ಲಿ ಬರೆದ ಚೀಟಿ, ಅಂಗಡಿ ಹೆಸ್ರೂ ಇಲ್ಲ ಸೀಲೂ ಇಲ್ಲ. ಹೆಡ್ ಗ್ಯಾಸ್ಕೆಟ್ ಕಿಟ್ 4,800, ಹೆಡ್ ಫೇಸಿಂಗು ವಾಲ್ವ್ ಲ್ಯಾಪಿಂಗು 5,500, ಟೈಮಿಂಗ್ ಬೆಲ್ಟು ಟೆನ್ಷನರು 4,200, ವಾಟರ್ ಪಂಪ್ 3,000, ಆಯಿಲ್ ಫಿಲ್ಟರ್ ಕೂಲೆಂಟ್ ಸೇರಿ 4,000, ಲೇಬರ್ 10,000. ಒಟ್ಟು 31,500. ಸರಿಯಾದ ಬಿಲ್ ಕೊಡಿ ಅಂದ್ರೆ "ಜಿಎಸ್‌ಟಿ ಬಿಲ್ ಬೇಕಂದ್ರೆ ಇದರ ಮೇಲೆ 18 ಪರ್ಸೆಂಟ್ ಬೀಳತ್ತೆ ಸರ್" ಅಂತ ಮತ್ತೆ ನಮ್ಮನೆಯವ್ರ ಕಡೆ ನೋಡಿ ಹೇಳ್ದ. ಹಳೇ ಪಾರ್ಟ್ಸ್ ಕೊಡಿ ಅಂದೆ. ಗುಜರಿಗೆ ಹೋಯ್ತು ಅಂದ. ಅಷ್ಟು ಬೇಗನಾ? ಬುಧವಾರ ಗುಜರಿಯವ್ನು ಬರ್ತಾನೆ ಮೇಡಂ.

ಉಳಿದ 21,500 ಕಳಿಸಿ, ಚೀಟಿ ಫೋಟೋ ತೆಗೆದಿಟ್ಕೊಂಡು ಗಾಡಿ ತಂದ್ವಿ.

ದಿನಾ ಬೆಳಗ್ಗೆ ಕುವೆಂಪುನಗರದಿಂದ ಶಾಲೆಗೆ ನಾಲ್ಕು ಕಿಲೋಮೀಟರ್. ಏನೂ ತೊಂದ್ರೆ ಕಾಣ್ಲಿಲ್ಲ. ಒಂದೇ ಒಂದು ವ್ಯತ್ಯಾಸ, ಮುಳ್ಳು ಮೇಲಕ್ಕೇ ಏಳ್ತಾ ಇರ್ಲಿಲ್ಲ, ಶಾಲೆ ಬಂದ್ರೂ ಸಿ (ಕೋಲ್ಡ್) ಹತ್ರನೇ ಇರ್ತಿತ್ತು. ನಾನು ಖುಷಿ ಪಟ್ಟೆ, ಎಷ್ಟು ತಣ್ಣಗಿದೆ ನೋಡಿ ಅಂತ. ಡೈರಿಯಲ್ಲಿ ಮಾತ್ರ ಮೈಲೇಜ್ ಹದಿನೈದು ಇದ್ದಿದ್ದು ಹನ್ನೆರಡಕ್ಕೆ ಬಂದಿತ್ತು. ಅಪ್ಪನಿಗೆ ಫೋನಲ್ಲಿ ಹೇಳಿದಾಗ "ಇಂಜಿನ್ ಕೆಲ್ಸ ಆದ್ಮೇಲೆ ಜಾಸ್ತಿ ಆಗ್ಬೇಕು, ಕಮ್ಮಿ ಹೆಂಗಾಯ್ತಮ್ಮ?" ಅಂದ್ರು. ಅವರು ಹೇಳಿದ್ದು ಸರಿಯಾಗೇ ಇತ್ತು.

ದಸರಾ ಬಂತು. ಅಕ್ಟೋಬರ್ 21, ಶನಿವಾರ ಸಂಜೆ, ಅತ್ತೆ ಮಾವ ಬಂದಿದ್ರು, ದೀಪಾಲಂಕಾರ ತೋರಿಸಣ ಅಂತ ಹೊರಟೆ. ಅವತ್ತಿನ ಜನ ಮೈಸೂರಿನವ್ರಿಗೆ ಹೇಳೋದೇ ಬೇಡ. ಕೆ.ಆರ್. ಸರ್ಕಲ್ ಸುತ್ತಮುತ್ತ ಎಲ್ಲಾ ಕಡೆ ವಾಹನ, ಒಂದು ಅಡಿ ಮುಂದೆ ಹೋದ್ರೆ ಐದು ನಿಮಿಷ ನಿಲ್ಲೋದು. ಅರ್ಧ ಗಂಟೆ ಆಗಿರ್ಬೇಕು, ಮಗಳು ಹಿಂದಿನಿಂದ "ಅಮ್ಮಾ ಮುಳ್ಳು" ಅಂದ್ಳು. ಎಚ್ ದಾಟ್ತಾ ಇತ್ತು. ಇಂಜಿನ್ ಆಫ್ ಮಾಡಿ, ನಮ್ಮನೆಯವ್ರು ಇಳಿದು ತಳ್ಳಿ, ಪೊಲೀಸಿನವ್ರು ಇಬ್ರು ಕೈ ಹಾಕಿ ಒಂದು ಗಲ್ಲಿ ಬಾಯಿಗೆ ನಿಲ್ಸಿಕೊಟ್ರು. ಅತ್ತೆ ಮಾವನ್ನ ಆಟೋದಲ್ಲಿ ಮನೆಗೆ ಕಳಿಸಿ ರಾತ್ರಿ ಹತ್ತೂವರೆ ತನಕ ಅಲ್ಲೇ ಕೂತಿದ್ವಿ. ಸುತ್ತ ಊರೆಲ್ಲಾ ದೀಪ, ನನಗೆ ಸಿಟ್ಟಿಗೆ ಕಣ್ಣಲ್ಲಿ ನೀರು. ಮೂವತ್ತೊಂದೂವರೆ ಸಾವಿರ ಕೊಟ್ಟು ಹದಿನೈದು ದಿನನೂ ಆಗಿಲ್ಲ. ಗ್ಯಾರೇಜಿಗೆ ಫೋನ್ ಮಾಡಿದ್ರೆ ಹಬ್ಬ ಮುಗೀಲಿ ಮೇಡಂ ಅಂದ. ಹಬ್ಬ ಮುಗಿದ್ಮೇಲೆ, ರೇಡಿಯೇಟರೇ ಬ್ಲಾಕ್ ಆಗಿರ್ಬೇಕು, ಹೊಸದು ಹಾಕ್ಬೇಕು, ಎಂಟು ಸಾವಿರ ಅಂದ.

ಅಲ್ಲಿಗೆ ಮತ್ತೆ ಹೋಗ್ಲಿಲ್ಲ. ಶಾಲೆ ವ್ಯಾನ್ ಡ್ರೈವರ್ ಬನ್ನಿಮಂಟಪದಲ್ಲಿ ಒಬ್ರು ಆಟೋ ಎಲೆಕ್ಟ್ರಿಷಿಯನ್ ಇದಾರೆ, ಎಲ್ರೂ ಚಾಚಾ ಅಂತಾರೆ, ಅವ್ರಿಗೆ ತೋರಿಸಿ ಅಂದ್ರು. ಹಿಟ್ಟಿನ ಗಿರಣಿ ಪಕ್ಕ ಒಂದು ಶಟರ್ರು, ಬೋರ್ಡಿಲ್ಲ. ಅರವತ್ತೈದರ ಮೇಲಿನ ವಯಸ್ಸು. ಅವ್ರು ಮೊದಲು ಕೇಳಿದ್ದು, "ಗಾಡಿ ಯಾರು ಓಡ್ಸೋದು?" ನಾನು ಅಂದೆ. "ಹಾಗಾದ್ರೆ ನೀವು ಹೇಳಮ್ಮ, ಏನಾಗತ್ತೆ?" ಓಡುವಾಗ ಸರಿ, ನಿಂತಾಗ ಏರತ್ತೆ ಅಂದೆ. ಅವ್ರು ಬಾನೆಟ್ ಎತ್ತೋ ಮುಂಚೆನೇ ತಲೆ ಆಡ್ಸಿದ್ರು. "ಫ್ಯಾನು."

ಗಾಡಿ ಓಡುವಾಗ ಗಾಳಿ ತಾನೇ ರೇಡಿಯೇಟರ್‌ಗೆ ಹೊಡಿಯತ್ತೆ, ಫ್ಯಾನ್ ಬೇಕಾಗಲ್ಲ. ನಿಂತಾಗ, ಘಾಟಿ ನಿಧಾನ ಹತ್ತುವಾಗ ಗಾಳಿ ಸಾಲಲ್ಲ, ಆಗ ಫ್ಯಾನ್ ತಿರುಗ್ಲೇಬೇಕು. ಇಷ್ಟೇ. ಇಂಜಿನ್ ಸ್ಟಾರ್ಟ್ ಮಾಡಿ ಬಿಟ್ರು, ಹಾಗೇ ನಿಲ್ಸಿ ಕಾದ್ವಿ, ಮುಳ್ಳು ಅರ್ಧ ದಾಟ್ತು, ಫ್ಯಾನ್ ಬರ್ಲಿಲ್ಲ. ಆಫ್ ಮಾಡಿ ಫ್ಯೂಸ್ ನೋಡಿದ್ರು, ರಿಲೇ ಬದಲಾಯ್ಸಿ ನೋಡಿದ್ರು, ಆಮೇಲೆ ಬ್ಯಾಟರಿಯಿಂದ ಎರಡು ವೈರ್ ಎಳೆದು ಫ್ಯಾನ್ ಮೋಟರಿಗೆ ನೇರ ಕೊಟ್ರು. ಅಲ್ಲಾಡ್ಲಿಲ್ಲ. ಸ್ಪ್ಯಾನರ್ ಹಿಡಿಯಿಂದ ಮೋಟರಿಗೆ ಮೆಲ್ಲಗೆ ಒಂದು ತಟ್ಟಿದ್ರು, ಗುಂಯ್ ಅಂತ ಎರಡು ಸುತ್ತು ತಿರುಗಿ ನಿಂತೋಯ್ತು. "ಕಾರ್ಬನ್ ಬ್ರಶ್ ಸವೆದಿದೆ ಅಮ್ಮ. ಮೋಟರ್ ಬದಲಾಯ್ಸಿದ್ರೆ ಆಯ್ತು." ಒಟ್ಟು ಇಪ್ಪತ್ತು ನಿಮಿಷ.

ಹೆಡ್ ಗ್ಯಾಸ್ಕೆಟ್ ಹಾಕ್ಸಿದೀವಲ್ಲ ಅಂತ ಎಲ್ಲಾ ಹೇಳ್ದೆ. ಅವ್ರು ಸುಮ್ನೆ ಟಾರ್ಚ್ ತಗೊಂಡು ಇಂಜಿನ್ ಪಕ್ಕಕ್ಕೆ ಬಿಟ್ರು, ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ನೂ ಕರೆದ್ರು. ಹೆಡ್ಡೂ ಬ್ಲಾಕೂ ಕೂಡೋ ಜಾಗ ತೋರಿಸಿದ್ರು. ಮೇಲಿಂದ ಕೆಳಗಿನ ತನಕ ಹಳೇ ಎಣ್ಣೆ, ಧೂಳು ಕೂತು ಒಣಗಿ ಗಟ್ಟಿಯಾಗಿದೆ, ಎಲ್ಲೂ ಬಿರುಕು ಬಿಟ್ಟಿಲ್ಲ. ಬಿಚ್ಚಿ ಜೋಡಿಸಿದ್ರೆ ಅದು ಹಾಗೆ ಒಂದೇ ಪದರ ಆಗಿ ಇರಕ್ಕೆ ಸಾಧ್ಯನೇ ಇಲ್ಲ, ಹೊಸ ಗ್ಯಾಸ್ಕೆಟ್ ಅಂಚು ಕ್ಲೀನಾಗಿ ಕಾಣ್ಬೇಕು. ನಾನು ಮೊಬೈಲಲ್ಲಿದ್ದ ಫೋಟೋ ತೋರಿಸ್ದೆ, ಇಲ್ನೋಡಿ ಬಿಚ್ಚಿದ್ರು ಅಂತ. ಮೆಕ್ಯಾನಿಕ್ ಝೂಮ್ ಮಾಡಿ ನೋಡಿ ನಕ್ಬಿಟ್ಟ. "ಅಕ್ಕಾ, ಒಂದೊಂದು ಸಿಲಿಂಡರಿಗೆ ಎಷ್ಟು ವಾಲ್ವ್ ಇದೆ ಎಣಿಸಿ." ಎಣಿಸ್ದೆ, ನಾಲ್ಕು. ನಾಲ್ಕು ಸಿಲಿಂಡರ್, ಹದಿನಾರು. "ನಿಮ್ಮದು ಝಿಂಗ್, 1,086 ಸಿಸಿ ಇಂಜಿನ್. ಇದಕ್ಕೆ ಒಂದೊಂದು ಸಿಲಿಂಡರಿಗೆ ಮೂರೇ ವಾಲ್ವು. ಹನ್ನೆರಡು."

ಮನೆಗೆ ಬಂದು ಗಾಡಿ ಕೈಪಿಡಿ ತೆಗೆದು ನೋಡ್ದೆ. ಹನ್ನೆರಡೇ.

ಅದು ನಮ್ಮ ಗಾಡಿ ಹೆಡ್ಡೇ ಅಲ್ಲ. ಯಾರದ್ದೋ ಗಾಡಿ ಹೆಡ್ ಫೋಟೋ ಕಳಿಸಿ, ಬಿಚ್ಚಿ ಆಗಿದೆ ಅಂತ ಹೆದರ್ಸಿ, ಬಿಚ್ಚದೇ ಇರೋ ಇಂಜಿನ್ನಿಗೆ ಲೇತ್ ಚಾರ್ಜು ತಗೊಂಡಿದಾರೆ. ಹಾಗಾದ್ರೆ ಆ ಹದಿಮೂರು ದಿನ ಗಾಡಿ ಶೆಡ್ಡಲ್ಲಿ ಸುಮ್ನೆ ನಿಂತಿತ್ತು, ಒಳಗೆ ಬಟ್ಟೆನೂ ಇರ್ಲಿಲ್ಲ ಏನೂ ಇರ್ಲಿಲ್ಲ.

ಮುಂದಿನದೂ ನೋಡಣ ಅಂತ ಮೆಕ್ಯಾನಿಕ್ ಬೆಲ್ಟ್ ಕವರ್ ತೆಗೆದ. ಹಳೇ ಬೆಲ್ಟೇ, ಮೇಲಿನ ಅಕ್ಷರ ಸವೆದು ಬೆನ್ನು ಹೊಳೀತಾ ಇದೆ. ವಾಟರ್ ಪಂಪೂ ಹಳೇದೇ. ಥರ್ಮೋಸ್ಟಾಟ್ ಕೂತಿರೋ ಜಾಗ ಬಿಚ್ಚಿದ್ರೆ ಖಾಲಿ! ಅದನ್ನ ಕಿತ್ತು ಬಿಸಾಕಿದಾರೆ. ಬೆಳಗ್ಗೆ ಮುಳ್ಳು ಏಳ್ದೇ ಇದ್ದಿದ್ದು, ಮೈಲೇಜ್ ಬಿದ್ದಿದ್ದು ಇದಕ್ಕೆ, ಇಂಜಿನ್ ಸರಿಯಾಗಿ ಬಿಸಿನೇ ಆಗ್ತಿರ್ಲಿಲ್ಲ. ಕೂಲೆಂಟ್ ಅಂತ ದುಡ್ಡು ತಗೊಂಡು ನಲ್ಲಿ ನೀರು ತುಂಬಿದ್ರು. ಆಯಿಲ್ಲೂ ಆಯಿಲ್ ಫಿಲ್ಟರ್ರೂ ಮಾತ್ರ ಹೊಸದು, ಅದು ನಿಜ, ಸುಳ್ಳು ಹೇಳ್ಬಾರ್ದು. ಎರಡು ಸಲ ಬಿಸಿಯಾಗಿದ್ದಕ್ಕೆ ಗ್ಯಾಸ್ಕೆಟ್ ನಿಜವಾಗ್ಲೂ ಏನಾದ್ರೂ ಆಗಿದ್ಯಾ ಅಂತ ನನಗೆ ಭಯ ಇತ್ತು, ಅದಕ್ಕೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ಗುಳ್ಳೆ ಬರತ್ತಾ ನೋಡಿದ್ರು, ಆಯಿಲ್ ಕ್ಯಾಪ್ ಒಳಗೆ ಹಾಲು ಕಾಫಿ ಬಣ್ಣ ಇದ್ಯಾ ಅಂತ ನನಗೇ ತೋರಿಸಿದ್ರು, ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಕಂಪ್ರೆಷನ್ ನೋಡಿದ್ರು. ಎಲ್ಲಾ ಚೆನ್ನಾಗಿತ್ತು. ಈ ಯಾವ ಟೆಸ್ಟ್‌ಗೂ ಇಂಜಿನ್ ಬಿಚ್ಚೋ ಅಗತ್ಯನೇ ಇಲ್ಲ. ಬಿಚ್ಚದೆ ಹೆಂಗೆ ಗೊತ್ತಾಗತ್ತೆ ಮೇಡಂ ಅಂದಿದ್ದ ನೋಡಿ, ಅದಕ್ಕೆ ಉತ್ತರ ಇದು.

ಫ್ಯಾನ್ ಮೋಟರ್ 2,600, ಥರ್ಮೋಸ್ಟಾಟ್ 750, ಕೂಲೆಂಟ್ 650, ಲೇಬರ್ 800. ಒಟ್ಟು 4,800. ಹಳೇ ಮೋಟರನ್ನ ಪೇಪರ್‌ನಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ರು, ನಾನು ಕೇಳೇ ಇರ್ಲಿಲ್ಲ.

ಚಾಚಾಗೆ ಒಂದು ಲೆಟರ್ ಬರೆದುಕೊಡ್ತೀರಾ, ಹೆಡ್ ಬಿಚ್ಚಿಲ್ಲ ಅಂತ, ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. "ನಾವೆಲ್ಲಾ ಒಂದೇ ಲೈನಲ್ಲಿ ಇರೋರಮ್ಮ, ಬೆಳಗಾದ್ರೆ ಮುಖ ನೋಡ್ಬೇಕು." ಬೇಜಾರಾಯ್ತು, ಆದ್ರೆ ಒತ್ತಾಯ ಮಾಡಕ್ಕೆ ಮನಸ್ಸಾಗ್ಲಿಲ್ಲ, ಅವ್ರ ಹೊಟ್ಟೆಪಾಡೂ ಅಲ್ಲೇ ಇದೆ. ವಿಡಿಯೋ ಮಾಡ್ಕೊಳಿ, ನನ್ನ ಕೈ ಮಾತ್ರ ಬರ್ಲಿ ಅಂದ್ರು. ಗ್ಯಾಸ್ಕೆಟ್ ಅಂಚು, ಹಳೇ ಬೆಲ್ಟು, ಖಾಲಿ ಥರ್ಮೋಸ್ಟಾಟ್ ಜಾಗ, ಮೀಟರ್ ರೀಡಿಂಗು, ನಂಬರ್ ಪ್ಲೇಟು, ಎಲ್ಲಾ ಒಂದೇ ವಿಡಿಯೋದಲ್ಲಿ ಕಟ್ ಮಾಡದೆ ತೆಗೆದ್ವಿ.

ಮನೆಗೆ ಬಂದು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡ್ದೆ. ದೂರು ತಗೊಂಡು ನಂಬರ್ ಕೊಟ್ರು. ಬಿಲ್ಲೇ ಇಲ್ವಲ್ಲ ಏನ್ ಮಾಡಕ್ಕಾಗತ್ತೆ ಅನ್ನೋದು ನನ್ನ ದೊಡ್ಡ ಹೆದರಿಕೆ, ಅದಕ್ಕೆ ಎರಡು ಸಂಜೆ ಕೂತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಓದ್ದೆ. ನಾನು ಅಂದ್ಕೊಂಡಿದ್ದು ತಿರುಗುಮುರುಗು. ಸೇವೆ ಕೊಟ್ಟು ಬಿಲ್ ಕೊಡದೇ ಇರೋದನ್ನೇ ಆ ಕಾಯ್ದೆ ಅನ್ಯಾಯದ ವ್ಯಾಪಾರ ಪದ್ಧತಿ ಅಂತ ಕರೆಯತ್ತೆ! ಬಿಲ್ ಇಲ್ದಿರೋದು ಅವನ ತಪ್ಪು, ನನ್ನ ದೌರ್ಬಲ್ಯ ಅಲ್ಲ. ಇನ್ನೂ ಕೆಲವು ವಿಷ್ಯ ಗೊತ್ತಾಯ್ತು. ನಾವಿರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು, ವಕೀಲರೇ ಬೇಕು ಅಂತಿಲ್ಲ, ಮನೆಯಿಂದ್ಲೇ ಆನ್‌ಲೈನಲ್ಲಿ ಹಾಕಬಹುದು (ಆಗ ಅದಕ್ಕಿದ್ದ ಸರ್ಕಾರಿ ವೆಬ್‌ಸೈಟ್ ಇ-ದಾಖಿಲ್).

ಮೊದಲು ಒಂದು ನೋಟಿಸ್ ನಾನೇ ಕನ್ನಡದಲ್ಲಿ ಬರೆದೆ, ಎರಡು ಪುಟ. ಯಾವ ದಿನ ಏನಾಯ್ತು, ಎಷ್ಟು ದುಡ್ಡು ಕಳಿಸಿದೀನಿ, ಟ್ರಾನ್ಸಾಕ್ಷನ್ ನಂಬರು, ಫೋಟೋದಲ್ಲಿ ಹದಿನಾರು ವಾಲ್ವ್ ಇದೆ ಈ ಇಂಜಿನ್ನಿಗೆ ಇರೋದು ಹನ್ನೆರಡು, ಬೆಲ್ಟ್ ಬದಲಾಯ್ಸಿಲ್ಲ, ಹದಿನೈದು ದಿನದಲ್ಲಿ 31,500 ವಾಪಸ್ ಕೊಡದಿದ್ರೆ ಆಯೋಗಕ್ಕೆ ಹೋಗ್ತೀನಿ. ಬೈಗುಳ ಒಂದೂ ಇಲ್ಲ. ರಿಜಿಸ್ಟರ್ಡ್ ಪೋಸ್ಟ್, ಅಕ್ನಾಲೆಜ್‌ಮೆಂಟ್ ಸಮೇತ ಕಳಿಸ್ದೆ. ಅಕ್ನಾಲೆಜ್‌ಮೆಂಟ್ ಕಾರ್ಡ್ ಸೈನ್ ಆಗಿ ವಾಪಸ್ ಬಂತು.

ಹನ್ನೆರಡನೇ ದಿನ ಫೋನ್ ಬಂತು. ಈ ಸಲ ಸರ್ ಇದ್ರೆ ಕೊಡಿ ಅನ್ಲಿಲ್ಲ. "ಯಾಕಕ್ಕಾ ಕೋರ್ಟು ಗೀರ್ಟು ಅಂತ, ಹುಡುಗ್ರು ಬೇರೆ ಗಾಡಿ ಫೋಟೋ ಕಳಿಸ್ಬಿಟ್ಟಿದಾರೆ, ಮಿಸ್ಟೇಕ್ ಆಗಿದೆ." ಹಾಗಾದ್ರೆ ಬೆಲ್ಟು? ಪಂಪು? ಅದಕ್ಕೆ ಮಾತಿಲ್ಲ. ಹತ್ತು ಸಾವಿರ ಕೊಡ್ತೀನಿ ಅಂದ, ಆಗಲ್ಲ ಅಂದೆ. ಹದಿನೈದು ಅಂದ. ಎರಡು ದಿನ ಬಿಟ್ಟು ಇಪ್ಪತ್ತು ಅಂದ. ಮನೆಯಲ್ಲಿ ಎಲ್ರೂ ತಗೊಂಡು ಬಿಡು ಅಂದ್ರು, ಮಗಳ ಪರೀಕ್ಷೆ, ಗಾಡಿಗೆ ಹದಿನೈದು ವರ್ಷ ತುಂಬ್ತಾ ಇತ್ತು ಆರ್‌ಸಿ ರಿನ್ಯೂವಲ್ ಬೇರೆ, ವರ್ಷಗಟ್ಟಲೆ ಓಡಾಡೋ ಶಕ್ತಿ ಇದ್ಯಾ ಅಂತ. ತಗೊಂಡೆ. ಇಪ್ಪತ್ತು ಸಾವಿರ ಬಂತು, 11,500 ಹೋಯ್ತು. ಕೆಲ್ಸ ತೃಪ್ತಿಕರವಾಗಿದೆ ಅಂತ ಸೈನ್ ಮಾಡಿ ಅಂತ ಒಂದು ಹಾಳೆ ಕಳಿಸಿದ್ದ, ಅದಕ್ಕೆ ಮಾಡ್ಲಿಲ್ಲ. ಹೆಸ್ರು ಎಲ್ಲೂ ಹಾಕಲ್ಲ ಅಂತ ಬಾಯಲ್ಲಿ ಒಪ್ಕೊಂಡಿದೀನಿ, ಅದಕ್ಕೇ ಇಲ್ಲೂ ಹಾಕಿಲ್ಲ. ಆ ಮಾತು ಕೊಟ್ಟಿದ್ದು ಸರಿನಾ ತಪ್ಪಾ ಅಂತ ಇವತ್ತೂ ನನಗೆ ತೀರ್ಮಾನ ಆಗಿಲ್ಲ, ಆ ರಸ್ತೆಯಲ್ಲಿ ಹೋಗುವಾಗೆಲ್ಲಾ ಶೆಡ್ಡಲ್ಲಿ ಬಾನೆಟ್ ಮುಚ್ಚಿ ನಿಂತಿರೋ ಗಾಡಿಗಳನ್ನ ನೋಡ್ತೀನಿ.

ಫೋನ್ ಇಡೋ ಮುಂಚೆ ಒಂದು ಕೇಳಿದೆ. ಆ ಫೋಟೋದಲ್ಲಿದ್ದ ಹೆಡ್ಡು ಯಾರ ಗಾಡಿದು, ಅವ್ರ ಹತ್ರ ಎಷ್ಟು ತಗೊಂಡ್ರಿ? ಅವನು ಕಟ್ ಮಾಡ್ದ.

ನವೆಂಬರಲ್ಲಿ ಆರ್‌ಟಿಓ ಇನ್ಸ್‌ಪೆಕ್ಷನ್ ಆಗಿ ಆರ್‌ಸಿ ಇನ್ನೈದು ವರ್ಷಕ್ಕೆ ರಿನ್ಯೂ ಆಯ್ತು. ಡಿಸೆಂಬರ್ ರಜದಲ್ಲಿ ಅಪ್ಪನ್ನೂ ಕೂರಿಸ್ಕೊಂಡು ಮಡಿಕೇರಿಗೆ ಹೋದ್ವಿ. ಸುಂಟಿಕೊಪ್ಪ ದಾಟಿ ಮತ್ತೆ ಲಾರಿ ಹಿಂದೆ ಸಿಕ್ಕಾಕೊಂಡ್ವಿ, ಮುಳ್ಳು ಅರ್ಧಕ್ಕೆ ಬಂತು, ಮುಂದುಗಡೆಯಿಂದ ಫ್ಯಾನ್ ಶಬ್ದ ಶುರು ಆಯ್ತು. ಅಪ್ಪ ಕಿಟಕಿ ಇಳಿಸಿ ಕಿವಿ ಕೊಟ್ಟು ಕೇಳಿದ್ರು, ಆಮೇಲೆ ಡ್ಯಾಶ್‌ಬೋರ್ಡಿನಿಂದ ಡೈರಿ ತೆಗೆದು ಮೀಟರ್ ನೋಡಿ ಬರ್ಕೊಂಡ್ರು.